ಆಫ್ರಿಕದ ಕಾಡುಮೃಗಗಳಲ್ಲಿ ಹಿರಿಯರಿಂದ ಬರುವ ವಿದ್ಯೆ

ಮೀನಿನ ಮರಿಗೆ ಈಜು ಕಲಿಸಬೇಕೇ ಎಂಬ ಗಾದೆಯು ನಮ್ಮಲ್ಲಿ ಎಲ್ಲರಿಗೂ ತಿಳಿದುದೇ ಸರಿ. ಪ್ರಾಣಿಗಳಿಗೆ ಬಾಳಲು ಬೇಕಾದ ಜಾಣತನವೆಲ್ಲವೂ ಹುಟ್ಟಿನೊಡನೆಯೇ ಬರುವುದೆಂತಲೂ, ಕಲಿಸುವವರೂ ಕಲಿಯುವವರೂ ಮನುಷ್ಯರಲ್ಲಿ ಮಾತ್ರವೇ ಇರುವರೆಂತಲೂ ಜನರು ಬಹುಕಾಲದಿಂದ ನಂಬಿಕೊಂಡು ಬಂದಿದ್ದಾರೆ. ಮೀನಿನ ವಿಷಯದಲ್ಲಿ ಈ ಮಾತು ಬಹುಮಟ್ಟಿಗೆ ನಿಜವಿರಬಹುದು. ಆದರೆ ಆಫ್ರಿಕ ಖಂಡದ ಬಯಲುಗಳಲ್ಲಿ ಕಳೆದ ಐವತ್ತು ಅರುವತ್ತು ವರ್ಷಗಳಿಂದ ಮೃಗಗಳ ಬೆನ್ನುಬಿಡದೆ ನಡೆದು, ಒಂದೊಂದನ್ನೂ ಗುರುತಿಟ್ಟು, ಅದರ ತಾಯಿ ಯಾವುದು, ಅಜ್ಜಿ ಯಾವುದು ಎಂಬುದನ್ನು ಪುಸ್ತಕದಲ್ಲಿ ಬರೆದಿಡುತ್ತ ಬಂದ ವಿದ್ವಾಂಸರು ಕಂಡುಕೊಂಡ ಸಂಗತಿಗಳು ಬೇರೊಂದು ತೆರನಾಗಿವೆ. ಮರಿಗೆ ಮೊಲೆಯುಣಿಸಿ ಸಾಕುವ ಮೃಗಗಳಲ್ಲಿ ಹಿರಿಯವುಗಳಿಂದ ಕಿರಿಯವುಗಳಿಗೆ ದಾಟುವ ತಿಳಿವಳಿಕೆಯೆಂಬುದೊಂದುಂಟು. ಆ ದಾಟುವಿಕೆಯು ನಡುವೆ ಕಡಿದುಹೋದರೆ ಆಗುವ ಅನರ್ಥವು ಸಣ್ಣದಲ್ಲ. ಈ ಸಂಚಿಕೆಯನ್ನು ಓದುವವರು ಒಂದೋ ಶಾಲೆಯಲ್ಲಿ ಕಲಿತು ಹೋದವರು, ಇಲ್ಲವೆ ಮಕ್ಕಳನ್ನು ಕಲಿಯಲೆಂದು ಕಳುಹಿಸಿಕೊಟ್ಟವರು. ಆದಕಾರಣ ಈ ವಿಷಯವು ಅವರಿಗೆ ರುಚಿಸೀತೆಂದು ನಾವು ಭಾವಿಸಿದೆವು.

ಮೊದಲು ಒಂದು ಚಿಕ್ಕ ಪ್ರಾಣಿಯನ್ನು ನೋಡೋಣ. ಆಫ್ರಿಕದ ದಕ್ಷಿಣ ಭಾಗದಲ್ಲಿರುವ ಕಲಹಾರಿ ಮರುಭೂಮಿಯಲ್ಲಿ ಮೀರ್‌ಕ್ಯಾಟ್ ಎಂಬ ಮೃಗವುಂಟು. ಹೆಸರನ್ನು ಕೇಳಿದರೆ ಬೆಕ್ಕೆಂದು ತೋರಿದರೂ ಅದು ಬೆಕ್ಕಲ್ಲ; ನಮ್ಮ ಹೊಲದ ಬದುಗಳಲ್ಲಿ ಓಡಾಡುವ ಮುಂಗುಸಿಗೆ ಹತ್ತಿರದ ನೆಂಟ. ತೂಕದಲ್ಲಿ ಒಂದು ಕಿಲೋಗ್ರಾಮಿಗಿಂತಲೂ ಕಡಮೆ. ಬೆಳಗಿನ ಹೊತ್ತು ಬಿಲದಿಂದ ಹೊರಟು, ಹಿಂಗಾಲುಗಳ ಮೇಲೆ ನೆಟ್ಟಗೆ ನಿಂತು, ಹೊಟ್ಟೆಯನ್ನು ಬಿಸಿಲಿಗೆ ಒಡ್ಡಿಕೊಳ್ಳುವುದು ಅದರ ವಾಡಿಕೆ. ಮರಳನ್ನು ಕೆದಕಿ ಹುಳುಹುಪ್ಪಟೆಗಳನ್ನೂ ಚೇಳುಗಳನ್ನೂ ಹಿಡಿದು ತಿನ್ನುವುದು. ಆ ಮರುಭೂಮಿಯ ಕೆಲವು ಚೇಳುಗಳ ವಿಷವು ಮನುಷ್ಯನ ಪ್ರಾಣವನ್ನೇ ತೆಗೆಯುವಷ್ಟು ಕಠಿನವಾದುದು. ಹೀಗಿರಲಾಗಿ, ಒಂದು ತಿಂಗಳ ಮರಿಯು ಅಂತಹ ಚೇಳನ್ನು ಹಿಡಿಯಲು ಕಲಿಯುವುದೆಂತು?

ಹಿಂಡಿನಲ್ಲಿ ಹೆಚ್ಚಾಗಿ ಒಂದೇ ಜೋಡಿಯು ಮರಿಮಾಡುವುದು. ಮಿಕ್ಕವು ಆ ಮರಿಗಳಿಗೆ ಅಣ್ಣ ಅಕ್ಕ ಚಿಕ್ಕಮ್ಮ ಸೋದರಮಾವಂದಿರ ಹಾಗೆ. ಇವೆಲ್ಲವೂ ಮರಿಗಳಿಗೆ ಆಹಾರವನ್ನು ತಂದು ಕೊಡುತ್ತವೆ. ಮರಿಗಳು ತೀರ ಎಳೆಯವಾಗಿದ್ದಾಗ ಚೇಳನ್ನು ಕೊಂದು ಕೊಡುವುವು. ಮರಿಗಳು ಸ್ವಲ್ಪ ಬೆಳೆದ ಮೇಲೆ ಕೊಂಡಿಯನ್ನು ಮಾತ್ರ ಕಚ್ಚಿ ತೆಗೆದು, ಜೀವವಿರುವ ಚೇಳನ್ನೇ ಮುಂದಿಡುವುವು. ಇನ್ನಷ್ಟು ಬೆಳೆದರೆ ಕೊಂಡಿಯಿರುವ ಚೇಳನ್ನು ಹಾಗೆಯೇ ಕೊಡುವುವು. ಕೊಟ್ಟು ಓಡಿಹೋಗುವುದಿಲ್ಲ, ಪಕ್ಕದಲ್ಲಿ ನಿಂತು ನೋಡುತ್ತಿರುತ್ತವೆ. ಚೇಳು ತಪ್ಪಿಸಿಕೊಂಡರೆ ಹಿಡಿದು ತಂದು ಮತ್ತೆ ಮರಿಯ ಮುಂದೆ ಹಾಕುವುವು; ಮರಿಯು ಹಿಂಜರಿದರೆ ಮೂಗಿನಿಂದ ಚೇಳನ್ನು ಅದರ ಕಡೆಗೆ ದೂಡುವುವು. ಅಲೆಕ್ಸ್ ಥಾರ್ನ್‌ಟನ್, ಕ್ಯಾಥರಿನ್ ಮೆಕಾಲಿಫ್ ಎಂಬ ಇಬ್ಬರು ಸಂಶೋಧಕರು ಇದನ್ನು ೨೦೦೬ರಲ್ಲಿ ಪ್ರಕಟಿಸಿದರು.

ಇದನ್ನು 'ಕಲಿಸುವುದು' ಎನ್ನಬಹುದೇ ಎಂದು ಕೇಳುವವರುಂಟು. ಪ್ರಾಣಿಶಾಸ್ತ್ರಜ್ಞರು ಈ ಮಾತನ್ನು ಸುಲಭವಾಗಿ ಬಳಸುವುದಿಲ್ಲ. ಅರಿಯದವರ ಮುಂದೆ ಮಾತ್ರ ನಡತೆಯನ್ನು ಬದಲಾಯಿಸಬೇಕು; ಹಾಗೆ ಮಾಡುವುದರಿಂದ ಕಲಿಸುವವನಿಗೆ ಆ ಕೂಡಲೆ ಲಾಭವಿರದೆ ಏನಾದರೂ ನಷ್ಟವೇ ಆಗಬೇಕು; ಕಲಿಯುವವನು ಅದರ ದೆಸೆಯಿಂದ ಬೇಗನೆ ಕಲಿಯಬೇಕು. ಈ ಮೂರು ಲಕ್ಷಣಗಳೂ ಕೂಡಿಬಂದರೆ ಮಾತ್ರ ಅದು ಬೋಧನೆಯೆಂದು ಅವರು ಒಪ್ಪುವರು. ಮೀರ್‌ಕ್ಯಾಟಿನಲ್ಲಿ ಮೂರೂ ಇದ್ದುವು. ತಾನು ತಿನ್ನಬಹುದಾದ ಚೇಳನ್ನು ಕೊಟ್ಟು, ಮರಿಯ ಬಳಿ ನಿಂತು ಹೊತ್ತು ಕಳೆಯುವುದು ನಷ್ಟವಲ್ಲದೆ ಮತ್ತೇನು? ಮೂರನೆಯ ಲಕ್ಷಣವನ್ನು ಪರೀಕ್ಷಿಸಲು ಸಂಶೋಧಕರು ಒಂದು ಮರಿಗೆ ಮೂರು ದಿನ ಕೊಂಡಿಯಿಲ್ಲದ ಜೀವಂತ ಚೇಳುಗಳನ್ನೂ, ಅದರ ಒಡಹುಟ್ಟಿಗೆ ಸತ್ತ ಚೇಳುಗಳನ್ನೂ ಕೊಟ್ಟು, ನಾಲ್ಕನೆಯ ದಿನ ಜೀವಂತ ಚೇಳನ್ನು ಮುಂದಿಟ್ಟರು. ಅಭ್ಯಾಸವಿದ್ದ ಮರಿಯೇ ಮೇಲಾಯಿತು.

ಇಲ್ಲಿಯೇ ಒಂದು ತಮಾಷೆಯೂ ಉಂಟು. ಮರಿಯು ಎಷ್ಟು ಬೆಳೆದಿದೆಯೆಂದು ಹಿರಿಯವುಗಳು ತಿಳಿಯುವುದು ಅದರ ಕೂಗಿನಿಂದ. ವಯಸ್ಸಿಗೆ ತಕ್ಕಂತೆ ಕೂಗು ಬದಲಾಗುತ್ತದೆ. ಎಳೆಯ ಮರಿಗಳಿರುವ ಹಿಂಡಿನ ಹತ್ತಿರ ಬಲಿತ ಮರಿಗಳ ಕೂಗನ್ನು ಧ್ವನಿಯಂತ್ರದಿಂದ ಕೇಳಿಸಿದಾಗ, ಹಿರಿಯವುಗಳು ಎಳೆಯ ಮರಿಗಳಿಗೇ ಜೀವಂತ ಚೇಳುಗಳನ್ನು ಹೆಚ್ಚಾಗಿ ತಂದುವು. ಮರಿಗಳ ಕಡೆಗೆ ತಿರುಗಿ ನೋಡಿ ಲೆಕ್ಕಹಾಕುವ ಗೋಜಿಗೆ ಹೋಗಲಿಲ್ಲ. ಬೆಂಚಿನ ಹಿಂದಿನಿಂದ ಗಟ್ಟಿಯಾಗಿ ಉತ್ತರ ಹೇಳುವ ಹುಡುಗಿಗೇ ಪಾಠ ಬರುತ್ತದೆಂದು ನಂಬುವ ಉಪಾಧ್ಯಾಯಿನಿಯರನ್ನು ನಮ್ಮ ಹಿಂದಿನ ವಿದ್ಯಾರ್ಥಿನಿಯರು ಕಂಡಿರಲಾರರೆಂದು ನಾವು ಹೇಳಲಾರೆವು.

ಮೀರ್‌ಕ್ಯಾಟಿನ ಸಂಸಾರವನ್ನು ಆದರ್ಶವೆಂದು ಹೊಗಳುವುದೂ ತರವಲ್ಲ. ಹಿಂಡಿನ ಒಡತಿಯು ತನ್ನ ಕೈಕೆಳಗಿನ ಹೆಣ್ಣು ಮರಿಯಿಟ್ಟರೆ ಆ ಮರಿಗಳನ್ನು ಕೊಲ್ಲುವುದುಂಟು; ಆ ಹೆಣ್ಣನ್ನು ಹಿಂಡಿನಿಂದ ಅಟ್ಟುವುದೂ ಉಂಟು. ಪ್ರಾಣಿಗಳ ಕಥೆಗಳಲ್ಲಿ ಒಳ್ಳೆಯದನ್ನು ಮಾತ್ರ ಆರಿಸಿ ಹೇಳುವುದು ಮಕ್ಕಳಿಗೆ ಹಿತವಾಗಿ ಕಂಡರೂ ಅದು ಸತ್ಯಕ್ಕೆ ಸಲ್ಲುವುದಿಲ್ಲ.

ಇದೇ ಜಾತಿಗೆ ಸೇರಿದ ಪಟ್ಟೆಮುಂಗುಸಿಯೊಂದು ಉಗಾಂಡ ದೇಶದಲ್ಲಿದೆ. ಅದರ ಹಿಂಡಿನಲ್ಲಿ ಅನೇಕ ತಾಯಂದಿರು ಒಂದೇ ರಾತ್ರಿಯಲ್ಲಿ ಮರಿಹಾಕುವ ವಾಡಿಕೆಯುಂಟು. ಎಲ್ಲಾ ಮರಿಗಳೂ ಒಂದೇ ಬಿಲದಲ್ಲಿ ಬೆರೆತುಹೋಗುವುದರಿಂದ ಯಾವುದು ಯಾರ ಮರಿಯೆಂದು ತಾಯಂದಿರಿಗೂ ಗೊತ್ತಾಗದು. ಸಂಶೋಧಕರು ಬಸುರಿನ ಕಾಲದಲ್ಲಿ ಅರ್ಧದಷ್ಟು ತಾಯಂದಿರಿಗೆ ಹೆಚ್ಚಿನ ಆಹಾರವನ್ನು ಕೊಟ್ಟರು. ಅವುಗಳ ಮರಿಗಳು ದಪ್ಪನಾಗಿ ಹುಟ್ಟಿದುವು. ಆ ಬಳಿಕ ಚೆನ್ನಾಗಿ ತಿಂದಿದ್ದ ತಾಯಂದಿರು ತಮ್ಮ ದಪ್ಪ ಮರಿಗಳನ್ನೇ ಆದರಿಸಿದುವೇ? ಇಲ್ಲ. ಬಡಕಲಾಗಿ ಹುಟ್ಟಿದ ಮರಿಗಳಿಗೇ ಹೆಚ್ಚಿನ ಆರೈಕೆ ನಡೆಯಿತೆಂದು ೨೦೨೧ರಲ್ಲಿ ಪ್ರಕಟವಾಯಿತು. ಮರಿಗಳು ಹೊರಗೆ ಬಂದ ಮೇಲೆ ಒಂದೊಂದೂ ಹಿರಿಯದೊಂದರ ಬೆನ್ನು ಹತ್ತುವುದು. ಆ ಹಿರಿಯದು ತಾಯಿಯೋ ತಂದೆಯೋ ಆಗಿರಬೇಕೆಂಬ ನಿಯಮವಿಲ್ಲ. ಆ ಪೋಷಕ ಮುಂಗುಸಿಯು ಯಾವ ಬಗೆಯ ಆಹಾರವನ್ನು ಹುಡುಕುವುದೋ ಅದೇ ಬಗೆಯನ್ನು ಮರಿಯು ದೊಡ್ಡದಾದ ಮೇಲೂ ಹುಡುಕುವುದು. ಹೆತ್ತವರ ರುಚಿಯಲ್ಲ, ಸಾಕಿದವರ ರುಚಿ!

ಚುಕ್ಕೆಯ ಕತ್ತೆಕಿರುಬದ ವಿಷಯವನ್ನು ಇಲ್ಲಿ ಸಂಕ್ಷೇಪವಾಗಿಯೇ ಹೇಳಬೇಕಾಗಿದೆ. ಅದರ ಹಿಂಡಿನಲ್ಲಿ ಹೆಣ್ಣೇ ಮೇಲು. ಹೊರಗಿನಿಂದ ಬಂದು ಸೇರಿದ ಗಂಡುಗಳು ಎಲ್ಲಕ್ಕೂ ಕೆಳಗೆ. ತಾಯಿಯ ಅಂತಸ್ತೇ ಮರಿಗೆ ಬರುವುದು. ಕೆನ್ಯ ದೇಶದ ಮಸಾಯಿ ಮಾರದಲ್ಲಿ ಕೇ ಹೋಲ್‌ಕ್ಯಾಂಪ್ ಎಂಬ ವಿದುಷಿಯು ೧೯೮೮ರಿಂದ ಈ ಮೃಗಗಳನ್ನು ನೋಡಿಕೊಂಡು ಬಂದಿದ್ದಾರೆ. ಅಂತಸ್ತು ಮಾತ್ರವಲ್ಲದೆ ತಾಯಿಯ ಗೆಳೆತನಗಳೂ ಮರಿಗೆ ಬರುತ್ತವೆಂಬುದು ಆ ದೀರ್ಘಕಾಲದ ದಾಖಲೆಗಳಿಂದ ತಿಳಿದುಬಂದಿದೆ. ತಾಯಿಯ ಹಿಂದೆ ಸುತ್ತುವಾಗ ಅದು ಯಾರ ಬಳಿ ಕುಳಿತುಕೊಳ್ಳುವುದೋ ಅವರೇ ಮರಿಗೂ ಪರಿಚಿತರಾಗುವರು.

ಆಫ್ರಿಕದ ಮೃಗಗಳ ಸೋಜಿಗವೆಂದೊಡನೆ ಅನೇಕರು ೨೦೦೨ರಲ್ಲಿ ವೃತ್ತಪತ್ರಿಕೆಗಳಲ್ಲಿ ಬಂದ ಸಿಂಹಿಣಿಯನ್ನು ನೆನೆಯುವರು. ಕೆನ್ಯದ ಸಂಬುರು ಅಭಯಾರಣ್ಯದಲ್ಲಿ ಒಂಟಿಯಾಗಿದ್ದ ಆ ಸಿಂಹಿಣಿಯು ಓರಿಕ್ಸ್ ಎಂಬ ಉದ್ದಕೊಂಬಿನ ಹುಲ್ಲೆಯ ಮರಿಯೊಂದನ್ನು ತಿನ್ನದೆ ಜತೆಯಲ್ಲಿಟ್ಟುಕೊಂಡು ಕಾದಿತು. ಕಡೆಗೆ ಗಂಡುಸಿಂಹವೊಂದು ಆ ಮರಿಯನ್ನು ಕೊಂದಿತು. ಆ ಬಳಿಕವೂ ಅದು ಬೇರೆ ಬೇರೆ ಹುಲ್ಲೆಮರಿಗಳನ್ನು ಹಾಗೆಯೇ ಸೇರಿಸಿಕೊಂಡಿತು. ಕಮುನ್ಯಾಕ್ ಎಂದು ಅಲ್ಲಿಯ ಜನರು ಅದಕ್ಕೆ ಹೆಸರಿಟ್ಟರು. ನೋಡಿದವರ ಕಣ್ಣು ತುಂಬಿತೆಂಬುದು ನಿಜ. ಆದರೆ ಒಂದು ಮೃಗದ ವಿಚಿತ್ರದಿಂದ ಮೃಗಜಾತಿಯ ಸ್ವಭಾವವನ್ನು ಹೇಳಲಾಗದು. ನಮಗೆ ಹೆಚ್ಚು ಬೆಲೆಯುಳ್ಳದ್ದಾಗಿ ತೋರುವುದು ನೂರಾರು ಮೃಗಗಳಲ್ಲಿ, ತಲೆಮಾರುಗಳವರೆಗೆ, ಕಂಡುಬಂದ ನಡತೆ. ಅಂತಹುದಕ್ಕೆ ಆನೆಯನ್ನು ಬಿಟ್ಟರೆ ಬೇರೆ ನಿದರ್ಶನ ಬೇಡ.

ನಮ್ಮ ನಾಡಿನ ಆನೆಯನ್ನು ಕಂಡವರಿಗೆ ಆಫ್ರಿಕದ ಆನೆಯು ಅಪರಿಚಿತವೆನಿಸದು. ಆದರೂ ಕಿವಿಯು ಬಹಳ ಅಗಲ, ಮತ್ತು ಹೆಣ್ಣಿಗೂ ದೊಡ್ಡ ದಂತಗಳುಂಟು. ಹಿಂಡೆಂದರೆ ತಾಯಿ, ಅಕ್ಕತಂಗಿಯರು, ಹೆಣ್ಣುಮಕ್ಕಳು, ಮೊಮ್ಮಕ್ಕಳು. ಗಂಡುಮರಿಗಳು ಹದಿನಾಲ್ಕು ವರ್ಷಗಳ ಆಸುಪಾಸಿನಲ್ಲಿ ಹಿಂಡನ್ನು ಬಿಟ್ಟು ಹೋಗುವುವು. ಎಲ್ಲಕ್ಕಿಂತ ಹಿರಿಯ ಹೆಣ್ಣಾನೆಯೇ ಹಿಂಡಿನ ಯಜಮಾನಿ. ಅದು ನಡೆದತ್ತ ಮಿಕ್ಕವು ನಡೆಯುವುವು. ಅರುವತ್ತು ವರ್ಷ ಬದುಕುವ ಯಜಮಾನಿಯರೂ ಉಂಟು. ಕಿಲಿಮಂಜಾರೋ ಪರ್ವತದ ಬುಡದಲ್ಲಿರುವ ಅಂಬೋಸೆಲಿಯೆಂಬ ಬಯಲಿನಲ್ಲಿ ಸಿಂಥಿಯಾ ಮಾಸ್ ಎಂಬವರು ೧೯೭೨ರಲ್ಲಿ ಇಂತಹ ಹಿಂಡುಗಳ ವಂಶಾವಳಿಯನ್ನು ಬರೆಯಲು ತೊಡಗಿದರು. ಆ ಕೆಲಸವು ಅಂದಿನಿಂದ ನಡೆದುಕೊಂಡು ಬಂದುದರಿಂದಲೇ ಯಜಮಾನಿಯ ವಯಸ್ಸಿಗೂ ಹಿಂಡಿನ ಕ್ಷೇಮಕ್ಕೂ ಇರುವ ಸಂಬಂಧವು ತಿಳಿಯಿತು.

ಆ ಬಯಲಿನಲ್ಲಿ ಕ್ಯಾರನ್ ಮೆಕೋಂಬ್ ಎಂಬವರೂ ಅವರ ಜತೆಗಾರರೂ ಧ್ವನಿಯಂತ್ರವನ್ನಿಟ್ಟುಕೊಂಡು ಅನೇಕ ಪರೀಕ್ಷೆಗಳನ್ನು ನಡೆಸಿದರು. ಪರಿಚಯವುಳ್ಳ ಆನೆಗಳ ಕೂಗನ್ನೂ ಅಪರಿಚಿತ ಆನೆಗಳ ಕೂಗನ್ನೂ ಕೇಳಿಸಿದಾಗ, ಮುದಿ ಯಜಮಾನಿಯಿರುವ ಹಿಂಡುಗಳು ಇವೆರಡನ್ನೂ ಚೆನ್ನಾಗಿ ಬೇರ್ಪಡಿಸಿದುವು. ಎಳೆಯ ಯಜಮಾನಿಯ ಹಿಂಡುಗಳು ಸುಮ್ಮಸುಮ್ಮನೆ ಬೆದರಿ ಒತ್ತಾಗಿ ನಿಂತುವು. ಹಾಗೆ ಬೆದರುತ್ತಿದ್ದರೆ ಮೇಯುವುದು ಯಾವಾಗ? ಇದು ೨೦೦೧ರಲ್ಲಿ ತಿಳಿಯಬಂತು. ಮುದಿ ಯಜಮಾನಿಯ ಹಿಂಡುಗಳಲ್ಲಿ ಮರಿಗಳೂ ಹೆಚ್ಚೆಂಬುದು ಅದರೊಡನೆಯೇ ಕಂಡಿತು. ಹತ್ತು ವರ್ಷಗಳಾದ ಮೇಲೆ ಸಿಂಹಗಳ ಗರ್ಜನೆಯನ್ನು ಕೇಳಿಸಿದರು. ಆನೆಮರಿಗೆ ಹೆಣ್ಣುಸಿಂಹಕ್ಕಿಂತ ಗಂಡುಸಿಂಹದ ಭಯ ಹೆಚ್ಚು, ಏಕೆಂದರೆ ಅದು ಒಂಟಿಯಾಗಿಯೇ ಮರಿಯನ್ನು ಬೀಳಿಸಬಲ್ಲದು. ಗರ್ಜನೆಯಲ್ಲಿ ಗಂಡು ಹೆಣ್ಣುಗಳ ಭೇದವನ್ನು ಎಲ್ಲಕ್ಕಿಂತ ಸೂಕ್ಷ್ಮವಾಗಿ ಅರಿತವು ಅರುವತ್ತು ದಾಟಿದ ಯಜಮಾನಿಯರೇ.

ಇವೆಲ್ಲಕ್ಕಿಂತಲೂ ಸೋಜಿಗದ ಪರೀಕ್ಷೆಯು ೨೦೧೪ರಲ್ಲಿ ಪ್ರಕಟವಾದುದು. ಅಂಬೋಸೆಲಿಯ ಸುತ್ತ ಮಸಾಯಿ ಎಂಬ ದನಗಾಹಿ ಜನರೂ ಕಾಂಬಾ ಎಂಬ ಬೇಸಾಯಗಾರರೂ ಇರುವರು. ಮಸಾಯಿ ಗಂಡಸರು ಆನೆಗಳನ್ನು ಈಟಿಯಿಂದ ತಿವಿದ ಸಂದರ್ಭಗಳುಂಟು. ನೋಡಿರಿ, ಅಲ್ಲಿ ಆನೆಗಳ ಹಿಂಡು ಬರುತ್ತಿದೆ, ಎಂಬರ್ಥದ ಒಂದೇ ಮಾತನ್ನು ಬೇರೆ ಬೇರೆ ಜನರಿಂದ ಅವರವರ ಭಾಷೆಯಲ್ಲಿ ಆಡಿಸಿ ಆನೆಗಳಿಗೆ ಕೇಳಿಸಲಾಯಿತು. ಮಸಾಯಿ ಗಂಡಸರ ದನಿ ಕೇಳಿದಾಗ ಆನೆಗಳು ಒತ್ತಾಗಿ ಕೂಡಿ ಹಿಂದೆ ಸರಿದುವು. ಕಾಂಬಾ ಗಂಡಸರ ದನಿಗೆ ಅಷ್ಟು ಬೆದರಲಿಲ್ಲ. ಮಸಾಯಿ ಹೆಂಗಸರ ಮತ್ತು ಹುಡುಗರ ದನಿಗೂ ಅಷ್ಟಾಗಿ ಬೆದರಲಿಲ್ಲ. ಭಾಷೆ, ಗಂಡು ಹೆಣ್ಣುಗಳ ಭೇದ, ವಯಸ್ಸು, ಈ ಮೂರನ್ನೂ ಕಿವಿಯಿಂದಲೇ ತಿಳಿದು, ಯಾರಿಂದ ಅಪಾಯ, ಯಾರಿಂದ ಇಲ್ಲ ಎಂಬುದನ್ನು ಅವು ನಿರ್ಧರಿಸಿದುವು.

ಕೆನ್ಯದ ಪಶ್ಚಿಮ ಗಡಿಯಲ್ಲಿರುವ ಎಲ್ಗನ್ ಪರ್ವತದ ಆನೆಗಳು ಉಪ್ಪಿಗಾಗಿ ಕಿಟುಂ ಎಂಬ ಗುಹೆಯನ್ನು ಹೊಗುತ್ತವೆ. ಮಳೆ ಹೆಚ್ಚಾದ ಆ ಸೀಮೆಯ ಸೊಪ್ಪಿನಲ್ಲಿ ಉಪ್ಪಿನಂಶ ಸಾಲದು. ರಾತ್ರಿಯ ಹೊತ್ತು ತಾಯಂದಿರು ಮರಿಗಳನ್ನು ಕರೆದುಕೊಂಡು ಕಗ್ಗತ್ತಲೆಯಲ್ಲಿ ಸೊಂಡಿಲಿನಿಂದ ದಾರಿಯನ್ನು ತಡವುತ್ತ ಗುಹೆಯ ಆಳಕ್ಕೆ ನಡೆದು, ದಂತಗಳಿಂದ ಗೋಡೆಯನ್ನು ಕೆತ್ತಿ, ಉದುರಿದ ಕಲ್ಲನ್ನು ಅಗಿದು ನುಂಗುವುವು. ಒಳಗೆ ಜಾರಿಬೀಳುವ ಬಿರುಕುಗಳೂ ಉಂಟು. ಹಿರಿಯದರ ಹಿಂದೆ ನಡೆದು ಬಂದ ಮರಿಗೆ ಮಾತ್ರ ಆ ದಾರಿಯು ಗೊತ್ತಾಗುವುದು.

ಈ ತಿಳಿವಳಿಕೆಯು ಪ್ರಾಣವನ್ನೇ ಉಳಿಸಿದುದಕ್ಕೆ ಟಾಂಜಾನಿಯ ದೇಶದ ತರಂಗೀರೆ ಎಂಬ ವನದಲ್ಲಿ ಸಾಕ್ಷಿಯುಂಟು. ೧೯೯೩ರಲ್ಲಿ ಅಲ್ಲಿ ಘೋರವಾದ ಬರವು ಬಂತು. ಒಂಬತ್ತು ತಿಂಗಳಲ್ಲಿ ಅಲ್ಲಿ ಲೆಕ್ಕವಿಟ್ಟಿದ್ದ ೮೧ ಆನೆಮರಿಗಳಲ್ಲಿ ೧೬ ಸತ್ತುವು. ಎಂದರೆ ನೂರಕ್ಕೆ ಇಪ್ಪತ್ತು. ಸಾಧಾರಣ ವರ್ಷಗಳಲ್ಲಿ ನೂರಕ್ಕೆ ಎರಡು ಸಾಯುವುದೇ ಹೆಚ್ಚು. ಆದರೆ ಸಾವು ಎಲ್ಲಾ ಗುಂಪುಗಳಿಗೂ ಸಮನಾಗಿ ಹಂಚಿಹೋಗಲಿಲ್ಲ. ಅಲ್ಲಿಯ ಮೂರು ಗುಂಪುಗಳಲ್ಲಿ ಎರಡು, ಬರವು ಬಲಿಯುತ್ತಲೇ ವನದ ಎಲ್ಲೆಯನ್ನು ದಾಟಿ ಬೇರೆ ಕಡೆಗೆ ನೀರು ಮೇವುಗಳನ್ನು ಅರಸಿ ಹೋದುವು; ಅವುಗಳ ಮರಿಗಳು ಹೆಚ್ಚಾಗಿ ಉಳಿದುವು. ಇದ್ದಲ್ಲಿಯೇ ಉಳಿದ ಗುಂಪಿನ ನಷ್ಟವು ಬಹಳ. ಆ ಸೀಮೆಯಲ್ಲಿ ಹಿಂದಿನ ದೊಡ್ಡ ಬರವು ೧೯೫೮ರಿಂದ ೧೯೬೧ರವರೆಗೆ ಇದ್ದಿತು. ಹೊರಟುಹೋದ ಗುಂಪುಗಳಲ್ಲಿ ಆ ಬರವನ್ನು ಮರಿಗಳಾಗಿದ್ದಾಗ ಕಂಡಿರಬಹುದಾದಷ್ಟು ವಯಸ್ಸಿನ ಹೆಣ್ಣಾನೆಗಳಿದ್ದುವು. ಉಳಿದುಕೊಂಡ ಗುಂಪಿನಲ್ಲಿ ಅಂತಹವು ಇರಲಿಲ್ಲ. ದಂತಕ್ಕಾಗಿ ಕೊಲ್ಲುವವರು ೧೯೭೦ ಮತ್ತು ೧೯೮೦ರ ದಶಕಗಳಲ್ಲಿ ಅದರ ಹಿರಿಯ ಆನೆಗಳನ್ನು ಆಗಲೇ ಮುಗಿಸಿದ್ದರು. ದಂತವು ವಯಸ್ಸಿನೊಡನೆ ಬೆಳೆಯುವುದರಿಂದ ಕಳ್ಳಬೇಟೆಗಾರನ ಕಣ್ಣು ಮೊದಲು ಬೀಳುವುದು ಅತಿ ಹಿರಿಯ ಆನೆಯ ಮೇಲೆಯೇ. ದಂತದ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಲ್ಲಿಸಬೇಕೆಂದು ರಾಷ್ಟ್ರಗಳು ೧೯೮೯ರಲ್ಲಿ ಗೊತ್ತುಮಾಡಿದುವು. ಅಷ್ಟರಲ್ಲಿ ಅನೇಕ ಹಿಂಡುಗಳು ಅಜ್ಜಿಯರಿಲ್ಲದವಾಗಿದ್ದುವು.

ಇನ್ನು ಗಂಡಾನೆಗಳ ಮಾತು. ಆನೆಗೆ ಮದವೇರುವುದೆಂದರೇನೆಂದು ನಮ್ಮ ಮಾವುತರಿಗೆ ಅನೇಕ ಶತಮಾನಗಳಿಂದ ಗೊತ್ತು. ಕೆನ್ನೆಯಿಂದ ಮದಜಲವು ಸುರಿಯುವ ಆನೆಯ ಹತ್ತಿರ ಅವರು ಸುಳಿಯುವುದಿಲ್ಲ. ಆಫ್ರಿಕದ ಗಂಡಾನೆಗೂ ಇದೇ ಮದವೇರುವುದೆಂದು ವಿದ್ವಾಂಸರು ಒಪ್ಪಿದ್ದು ಮಾತ್ರ ೧೯೮೧ರಲ್ಲಿ, ಜಾಯ್ಸ್ ಪೂಲ್ ಮತ್ತು ಸಿಂಥಿಯಾ ಮಾಸ್ ಬರೆದು ತೋರಿಸಿದ ಮೇಲೆ. ಸಾಮಾನ್ಯವಾಗಿ ಗಂಡಾನೆಗೆ ಇಪ್ಪತ್ತೈದು ಮೂವತ್ತು ವರ್ಷಗಳಾಗುವ ತನಕ ಮದವು ಬಾರದು. ಮೊದಮೊದಲು ಬಂದರೂ ಕೆಲವು ದಿನಗಳಲ್ಲಿ ಇಳಿದುಹೋಗುವುದು. ಮದವೇರಿದ ಹಿರಿಯ ಆನೆಯೊಂದು ಎದುರಿಗೆ ಬಂದು ನಿಂತರೆ ಕಿರಿಯದರ ಮದವು ಅಡಗುವುದು.

ದಕ್ಷಿಣ ಆಫ್ರಿಕದ ಕ್ರೂಗರ್ ವನದಲ್ಲಿ ಆನೆಗಳ ಸಂಖ್ಯೆ ಮಿತಿಮೀರಿತೆಂದು ಸರಕಾರದವರು ೧೯೬೭ರಿಂದ ೧೯೯೪ರವರೆಗೆ ಅವುಗಳನ್ನು ಕೊಲ್ಲಿಸುತ್ತ ಬಂದರು. ದೊಡ್ಡ ಆನೆಗಳನ್ನು ಸಾಗಿಸುವ ಉಪಾಯವು ಆಗ ಇರಲಿಲ್ಲ. ಆದ್ದರಿಂದ ಹಿರಿಯವುಗಳನ್ನು ಕೊಂದು, ಚಿಕ್ಕ ಮರಿಗಳಲ್ಲಿ ಕೆಲವನ್ನು ಲಾರಿಗಳಲ್ಲಿ ಬೇರೆ ವನಗಳಿಗೆ ಕಳುಹಿಸಿದರು. ಮರಿಗಳನ್ನಾದರೂ ಉಳಿಸಿದೆವೆಂದು ಅವರು ಸಮಾಧಾನಪಟ್ಟಿರಬೇಕು. ಹಾಗೆ ಕಳುಹಿಸಲ್ಪಟ್ಟ ತಬ್ಬಲಿಗಳಲ್ಲಿ ಕೆಲವು ೧೯೮೦ರ ದಶಕದ ಮೊದಲಲ್ಲಿ ಪಿಲಾನೆಸ್‌ಬರ್ಗ್ ಎಂಬ ವನವನ್ನು ಸೇರಿದುವು. ಬಹುಕಾಲದ ಹಿಂದೆ ಆರಿಹೋದ ಜ್ವಾಲಾಮುಖಿಯ ಬೆಟ್ಟಗಳ ನಡುವೆ ಇರುವ ವನವದು. ನೀರು, ಮೇವು, ಕಾವಲು ಯಾವುದಕ್ಕೂ ಕೊರತೆಯಿರಲಿಲ್ಲ. ಹತ್ತು ವರ್ಷ ಎಲ್ಲವೂ ಸರಿಯಾಗಿಯೇ ನಡೆಯಿತು.

ಆಮೇಲೆ ಬಿಳಿಯ ಖಡ್ಗಮೃಗಗಳು ಸತ್ತು ಬಿದ್ದಿರುವುದು ಕಾಣತೊಡಗಿತು. ಕಳ್ಳಬೇಟೆಯೆಂದು ಸಂಶಯಪಟ್ಟು ಹತ್ತಿರ ಹೋಗಿ ನೋಡಿದರೆ ಕೊಂಬುಗಳು ಹಾಗೆಯೇ ಇದ್ದುವು. ಮೈಯ ಮೇಲೆ ದಂತದಿಂದ ತಿವಿದ ಗಾಯಗಳು. ೧೯೯೨ರಿಂದ ೧೯೯೭ರವರೆಗೆ ನಲ್ವತ್ತಕ್ಕಿಂತ ಹೆಚ್ಚು ಖಡ್ಗಮೃಗಗಳನ್ನು ಅಲ್ಲಿಯ ಎಳೆಯ ಗಂಡಾನೆಗಳು ಕೊಂದುವು. ಆನೆಯು ಖಡ್ಗಮೃಗವನ್ನು ತಿನ್ನುವುದಿಲ್ಲ, ಎರಡಕ್ಕೂ ಹುಟ್ಟುವೈರವಿಲ್ಲ. ನೋಡನೋಡುತ್ತ ತಿಳಿದುದೇನೆಂದರೆ, ಆ ಎಳೆಯ ಆನೆಗಳಿಗೆ ಸುಮಾರು ಹದಿನೆಂಟನೆಯ ವಯಸ್ಸಿಗೇ ಮದವೇರಿತ್ತು. ಏರಿದ ಮದವು ದಿನಗಳಲ್ಲಿ ಅಲ್ಲ, ತಿಂಗಳುಗಳವರೆಗೆ ಇಳಿಯುತ್ತಿರಲಿಲ್ಲ. ಅಡಗಿಸಬಲ್ಲ ಹಿರಿಯ ಗಂಡಾನೆ ಆ ವನದಲ್ಲಿ ಒಂದೂ ಇರಲಿಲ್ಲ.

ಅಷ್ಟರಲ್ಲಿ ದೊಡ್ಡ ಆನೆಯನ್ನು ಲಾರಿಯಲ್ಲಿ ಸಾಗಿಸುವ ಬಗೆಯು ತಿಳಿದಿತ್ತು. ೧೯೯೮ರಲ್ಲಿ ಕ್ರೂಗರಿನಿಂದಲೇ ಆರು ಹಿರಿಯ ಗಂಡಾನೆಗಳನ್ನು ತಂದು ಬಿಟ್ಟರು. ಎಳೆಯವುಗಳು ಹಿರಿಯವುಗಳನ್ನು ಎದುರಿಸಿ ಸೋತುವು; ಅವುಗಳ ಮದದ ಅವಧಿಯು ಕುಗ್ಗಿತು; ಖಡ್ಗಮೃಗಗಳ ಕೊಲೆಯು ನಿಂತುಹೋಯಿತು. ರಾಬ್ ಸ್ಲೋಟೋ ಎಂಬವರೂ ಅವರ ಜತೆಗಾರರೂ ಇದನ್ನು ೨೦೦೦ದಲ್ಲಿ ಪ್ರಕಟಿಸಿದಾಗ ಇಷ್ಟು ಸರಳವಾದ ಔಷಧವೇ ಎಂದು ಅನೇಕರು ಬೆರಗಾದರು.

ಆದರೆ ಆ ವನದ ಹೆಣ್ಣಾನೆಗಳೂ ತಬ್ಬಲಿಗಳಾಗಿಯೇ ಬಂದವುಗಳೆಂಬುದನ್ನು ಮರೆಯಲಾಗದು. ಅವು ಯಾರನ್ನೂ ಕೊಲ್ಲಲಿಲ್ಲವಾದುದರಿಂದ ಬಹುಕಾಲ ಅವುಗಳ ಕಡೆಗೆ ಯಾರೂ ಹೆಚ್ಚು ಗಮನ ಕೊಡಲಿಲ್ಲ. ತಾವು ತಾವೇ ಗುಂಪುಗೂಡಿ, ಮರಿಗಳನ್ನು ಹೆತ್ತು, ಹೊರಗಿನಿಂದ ನೋಡುವವರಿಗೆ ಬೇರಾವ ಆನೆಗಳಿಗೂ ಕಡಮೆಯಿಲ್ಲದಂತೆ ಅವು ಬಾಳುತ್ತಿದ್ದುವು. ಗ್ರೇಮ್ ಶ್ಯಾನನ್ ಮತ್ತು ಕ್ಯಾರನ್ ಮೆಕೋಂಬ್ ಮೊದಲಾದವರು ಅಂಬೋಸೆಲಿಯಲ್ಲಿ ನಡೆಸಿದಂತಹ ಧ್ವನಿಪರೀಕ್ಷೆಯನ್ನೇ ಅಲ್ಲಿಯೂ ನಡೆಸಿ, ೨೦೧೩ರಲ್ಲಿ ಎರಡನ್ನೂ ಹೋಲಿಸಿ ಬರೆದರು. ಅಂಬೋಸೆಲಿಯ ಹಿಂಡುಗಳು ಅಪರಿಚಿತರ ಕೂಗಿಗೆ ಒಂದು ಬಗೆಯಾಗಿ, ಪರಿಚಿತರ ಕೂಗಿಗೆ ಮತ್ತೊಂದು ಬಗೆಯಾಗಿ, ಕೂಗಿದ ಆನೆಯ ವಯಸ್ಸಿಗೆ ತಕ್ಕಂತೆ ನಡೆದುಕೊಂಡುವು. ಪಿಲಾನೆಸ್‌ಬರ್ಗಿನ ಹಿಂಡುಗಳಿಗೆ ಈ ಯಾವ ಭೇದವೂ ತಿಳಿಯಲಿಲ್ಲ. ಯಾವ ಕೂಗಿಗೆ ಬೆದರಬೇಕು, ಯಾವುದಕ್ಕೆ ಬೇಡ ಎಂಬುದನ್ನು ಅವುಗಳಿಗೆ ತೋರಿಸಿಕೊಡಬೇಕಾಗಿದ್ದ ತಾಯಂದಿರೂ ಅಜ್ಜಿಯರೂ ಸುಮಾರು ಮೂವತ್ತು ವರ್ಷಗಳ ಹಿಂದೆ ಕ್ರೂಗರಿನಲ್ಲಿ ಗುಂಡಿಗೆ ಬಲಿಯಾಗಿದ್ದುವು.